ವಾಲ್ಟರ್ ಕಾಕಾನ ಹನ್ನೊಂದು ಪಾಯಿಂಟು

ಸಾಯಲಿ ನಮ್ಮ ಆಫೀಸಿಗೆ ಬಂದ ಮೂರನೇ ದಿನವೇ ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದಳು. ಅವಳಿಗೆ ಇಪ್ಪತ್ನಾಲ್ಕು, ನನಗೆ ನಲವತ್ತೊಂದು. ಕರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ದಿನ ಡಬ್ಬಿಯ ಚಪಾತಿ ಹಾಗೆಯೇ ಮನೆಗೆ ವಾಪಸ್ಸಾಯಿತು.

ನಮ್ಮ ಕೆಲಸ ಏನೆಂದು ಹೇಳಿದರೆ ಧಾರವಾಡದ ನನ್ನ ತವರಿನವರು ಇವತ್ತಿಗೂ ನಂಬುವುದಿಲ್ಲ. ಅಮೆರಿಕದಲ್ಲಿ ಬೇಟೆಗೆ ಹೋಗಬೇಕೆಂದರೆ ಮೊದಲು ಸರಕಾರಕ್ಕೆ ಅರ್ಜಿ ಹಾಕಬೇಕು. ಒಂದು ಪ್ರಾಣಿಗೆ ಒಂದು ಚೀಟಿ. ಅದಕ್ಕೆ ಅವರು ಟ್ಯಾಗ್ ಅನ್ನುತ್ತಾರೆ. ಪಶ್ಚಿಮದ ಗುಡ್ಡಗಾಡು ರಾಜ್ಯಗಳಲ್ಲಿ ಒಳ್ಳೆಯ ಪ್ರಾಣಿಗಳಿವೆ, ಆದರೆ ಹೊರರಾಜ್ಯದವರಿಗೆ ಕೊಡುವ ಚೀಟಿ ಬೆರಳೆಣಿಕೆಯಷ್ಟು. ಅರ್ಜಿ ಹಾಕಿ ಸಿಗದವರಿಗೆ ಆ ವರ್ಷ ಒಂದು ಪಾಯಿಂಟ್ ಕೊಡುತ್ತಾರೆ. ಪಾಯಿಂಟ್ ಹೆಚ್ಚಾದಷ್ಟೂ ಸರದಿಯಲ್ಲಿ ಮುಂದೆ. ಒಂದೊಂದು ರಾಜ್ಯದ್ದೂ ಬೇರೆ ನಿಯಮ, ಬೇರೆ ತಾರೀಖು. ಹತ್ತು ಹನ್ನೆರಡು ವರ್ಷ ಮುಂದಿನದನ್ನು ಯೋಚಿಸಿ ನಡೆಯದಿದ್ದರೆ ಜನ್ಮವಿಡೀ ಸರದಿಯಲ್ಲೇ ನಿಂತಿರಬೇಕಾಗುತ್ತದೆ. ಆ ಯೋಚನೆಯನ್ನು ಅವರ ಪರವಾಗಿ ಪುಣೆಯಲ್ಲಿ ಕುಳಿತು ನಾವು ಮಾಡುತ್ತಿದ್ದೆವು.

ಇದನ್ನು ಶುರು ಮಾಡಿದವನು ರಾಜೀವ, ನನ್ನ ಯಜಮಾನರ ಸೋದರತ್ತೆಯ ಮಗ; ಅತ್ತಿಗೆಯಾದ ನಾನು ಅವನಿಗೆ ವೈನಿ. ಅಮೆರಿಕದಲ್ಲಿ ಬಂದೂಕು, ಡೇರೆ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆದುಕೊಂಡಿದ್ದವನು ೨೦೦೧ರಲ್ಲಿ ತಿರುಗಿ ಬಂದು ಕೋಥರೂಡಿನ ಎರಡು ಕೋಣೆಗಳಲ್ಲಿ ಎರಡು ಕಂಪ್ಯೂಟರ್ ಇಟ್ಟ. ನಾನು ಆಗ ಒಂದು ಶಾಲೆಯ ಕಚೇರಿಯಲ್ಲಿ ಮಕ್ಕಳ ಪ್ರವೇಶದ ಅರ್ಜಿ ನೋಡುತ್ತಿದ್ದೆ. "ವೈನಿ, ನಿಮ್ಮಂಥಾ ಅರ್ಜಿ ತುಂಬವ್ರು ಸಿಗೂದಿಲ್ಲ, ಬರ್ರಿ," ಎಂದು ಕರೆದ. ಹೋದೆ.

"ನಮ್ಮ ಮನ್ಯಾಗ ಜಿರಳಿ ಸೈತ ಹೊಡಿಯೂದಿಲ್ಲ," ಎಂದು ನನ್ನ ಯಜಮಾನರು ಬಿಂದುಮಾಧವರು ಬಂದವರೆದುರು ನಗೆಯಾಡುತ್ತಿದ್ದರು. "ಇಕಿ ಏಕಾದಶಿ ಉಪವಾಸ ಮಾಡಿ ಅಮೆರಿಕಾದಾಗ ಕಡವಿ ಹೊಡಸ್ತಾಳ."

ನಾನು ಕಡವೆಯನ್ನು ನೋಡುತ್ತಿರಲಿಲ್ಲ. ಮನುಷ್ಯನ ವಯಸ್ಸು ನೋಡುತ್ತಿದ್ದೆ. ಒಬ್ಬೊಬ್ಬ ಗಿರಾಕಿಗೂ ಒಂದು ಚೌಕಳಿ ವಹಿ. ಮೊದಲ ಸಾಲಿನಲ್ಲಿ ಇಸವಿ, ಎರಡನೆಯದರಲ್ಲಿ ಅವನ ವಯಸ್ಸು, ಆಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ಸಾಲು. ಒಂದು ರಾಜ್ಯದಲ್ಲಿ ಪಾಯಿಂಟ್ ಕೂಡಿಡುವುದು. ಇನ್ನೊಂದರಲ್ಲಿ ಎರಡು ವರ್ಷಕ್ಕೊಮ್ಮೆ ಸಣ್ಣ ಬೇಟೆಗೆ ಖರ್ಚು ಮಾಡುವುದು, ಇಲ್ಲದಿದ್ದರೆ ಮನುಷ್ಯನಿಗೆ ಬೇಸರ ಬರುತ್ತದೆ. ಮೂರನೆಯದನ್ನು ದೈವಕ್ಕೆ ಬಿಡುವುದು.

ಈ ವಹಿಗಳಲ್ಲಿ ನನಗೆ ಮಗ್ಗಿಯಷ್ಟು ಬಾಯಿಪಾಠವಾಗಿದ್ದುದು ವಾಲ್ಟರ್ ಕಾಕಾನದು. ಚಿಕ್ಕಪ್ಪನ ಲೆಕ್ಕದಲ್ಲಿ ಕಾಕಾ ಎಂದು ನಾನೇ ಹೆಸರಿಟ್ಟುಕೊಂಡಿದ್ದೆ. ೨೦೦೨ರಲ್ಲಿ ನಮ್ಮ ಗಿರಾಕಿಯಾದಾಗ ಅವನಿಗೆ ಅರವತ್ತೆರಡು ವರ್ಷ, ಐದು ಪಾಯಿಂಟ್. ಎಲ್ಕ್ ಎಂಬ ದೊಡ್ಡ ಕಡವೆಯ ಬೇಟೆಗೆ ಅವನು ಆಸೆಪಟ್ಟ ಕಣಿವೆಗೆ ಹನ್ನೊಂದು ಬೇಕು. "೨೦೦೮ರವರೆಗೆ ತಾಳಿಕೊಳ್ಳಿ, ಮೊಣಕಾಲು ಗಟ್ಟಿ ಇಟ್ಟುಕೊಳ್ಳಿ" ಎಂದು ಬರೆದೆ. ತಾಳಿಕೊಂಡ. ನನ್ನ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ ಎಂದು ಬರೆದ. ಹೆಂಡತಿ ತೀರಿಕೊಂಡಾಗ ಬರೆದ. ಮಗ ಡೇಲ್ ಮಾತು ಬಿಟ್ಟಾಗಲೂ ಬರೆದ. ಬೆನ್ನಿಗೆ ಆಲೂಗಡ್ಡೆ ಚೀಲ ಕಟ್ಟಿಕೊಂಡು ಮನೆಯ ಮೆಟ್ಟಿಲು ಹತ್ತಿಳಿಯುತ್ತಿದ್ದ. ವಾರಕ್ಕೊಮ್ಮೆ ಆ ಲೆಕ್ಕ ಕಳಿಸುತ್ತಿದ್ದ. ಮೊದಲು ನಲವತ್ತು ಮೆಟ್ಟಿಲು, ಆಮೇಲೆ ಅರವತ್ತು, ಆಮೇಲೆ ನೂರು. ಕಾಗದ ಯಾವಾಗಲೂ "ಪ್ರಿಯ ಸುಲಭಾ" ಎಂದೇ ಶುರುವಾಗುತ್ತಿತ್ತು.

ಆಫೀಸು ಹಿಂಜವಾಡಿಗೆ ಹೋಯಿತು. ಗಾಜಿನ ಗೋಡೆ ಬಂತು, ಸಾಯಲಿಯೂ ಬಂದಳು. ಬೆಳಗಾವಿ ಕಡೆಯವರ ಮಗಳು, ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲೇ. ಫೋನಿನಲ್ಲಿ ಅವಳು ಇಂಗ್ಲಿಷ್ ಮಾತಾಡಿದರೆ ಪಕ್ಕದ ಮನೆಯ ಹುಡುಗಿ ಮಾತಾಡಿದಂತೆ ಗಿರಾಕಿಗಳು ನಗುತ್ತಿದ್ದರು. ನನ್ನ ಇಂಗ್ಲಿಷ್ ಕಾಗದದ ಮೇಲೆ ನಡೆಯುತ್ತದೆ, ಫೋನಿನಲ್ಲಿ ಕುಂಟುತ್ತದೆ.

೨೦೦೭ರ ದೀಪಾವಳಿ ಮುಗಿದ ಮೇಲೆ ರಾಜೀವ ನನ್ನ ಮೇಜಿನ ಹತ್ತಿರ ಬಂದ.

"ವೈನಿ, ವಾಲ್ಟರ್‌ಂದು ಇನ್ಮ್ಯಾಲೆ ಸಾಯಲಿ ನೋಡ್ತಾಳ. ಈಗಿನ ಗಿರಾಕಿಗೆ ಫೋನಿನ್ಯಾಗ ಮಾತಾಡವ್ರು ಬೇಕಾಗ್ಯಾರ. ನಿಮ್ಮ ವಹಿ ಎಲ್ಲಾ ಆಕಿಗೆ ಕೊಟ್ಟುಬಿಡ್ರಿ."

"ಆರು ವರ್ಷ ಆತು, ರಾಜೀವ. ಇನ್ನ ಒಂದ ಅರ್ಜಿ ಉಳದದ."

"ಹೌದ್ರಿ, ಒಂದ ಅರ್ಜಿ. ಅದರಾಗೇನದ?"

ವಹಿಗಳನ್ನು ಕೊಟ್ಟೆ. ಒಂದನ್ನು ಬಿಟ್ಟು.

ಆ ಒಂದು ವಹಿ ತೆಳ್ಳಗಿತ್ತು, ಎಲ್ಲ ಕೆಂಪು ಮಸಿಯಲ್ಲಿ ಬರೆದದ್ದು. ಎಲ್ಲೆಲ್ಲಿ ಎಡವಿದ್ದೆವೋ ಅದಷ್ಟೇ ಅದರಲ್ಲಿತ್ತು. ಮೊದಲನೇ ಹಾಳೆಯ ತಪ್ಪು ನನ್ನದೇ. ೨೦೦೨ರಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರನ್ನು ಒಂದೇ ಅರ್ಜಿಯಲ್ಲಿ ತುಂಬಿದ್ದೆ. ಒಂದು ಮನೆ, ಒಂದು ರೇಷನ್ ಕಾರ್ಡು ಎಂದು ಬೆಳೆದವಳು ನಾನು. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಅರ್ಜಿ ಹಾಕುವುದೆಂದರೆ ಮನೆ ಒಡೆದಂತೆ ಅನ್ನಿಸಿತ್ತು. ಜೋಡಿ ಅರ್ಜಿ ಹಾಕಿದರೆ ಇಬ್ಬರ ಪಾಯಿಂಟ್ ಕೂಡಿಸಿ ಎರಡರಿಂದ ಭಾಗಿಸುತ್ತಾರೆ ಎಂಬ ಮಾತು ನಿಯಮದ ಪುಸ್ತಕದ ನಲವತ್ತೇಳನೇ ಪುಟದಲ್ಲಿ, ಒಂದು ಉದ್ದ ವಾಕ್ಯದ ಬಾಲದಲ್ಲಿ ಇತ್ತು. ಅಣ್ಣನ ಹತ್ತು ಪಾಯಿಂಟ್ ತಮ್ಮನ ಸೊನ್ನೆಯ ಜೊತೆ ಸೇರಿ ಐದಾಯಿತು. ಚೀಟಿ ಬರಲಿಲ್ಲ. "ಅದೃಷ್ಟ ಇರಲಿಲ್ಲ ಅಂತ ಬರೀರಿ ವೈನಿ," ಎಂದ ರಾಜೀವ. ಹಾಗೆಯೇ ಬರೆದೆ.

ಆ ವಹಿಯನ್ನು ಸಾಯಲಿಗೆ ಕೊಡದಿದ್ದುದಕ್ಕೆ ನಾಚಿಕೆ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆ ಇತ್ತು, ಸುಳ್ಳಲ್ಲ. ಆದರೆ ಅದನ್ನು ಕೈಚೀಲಕ್ಕೆ ಹಾಕಿ ಜಿಪ್ಪು ಎಳೆಯುವಾಗ ಮನಸ್ಸು ಹೇಳಿದ ಮಾತು ಬೇರೆಯೇ: ಅವಳೂ ಒಮ್ಮೆ ಎಡವಿ ಕಲಿಯಲಿ.

ಆ ಚಳಿಗಾಲ ವಾಲ್ಟರನ ಕಾಗದಗಳು "ಪ್ರಿಯ ಸಾಯಲಿ" ಎಂದು ಬರತೊಡಗಿದವು. ಅವಳು ಕುರ್ಚಿ ತಿರುಗಿಸಿ ಗಟ್ಟಿಯಾಗಿ ಓದುವಳು. "ಕಾಕು, ನೂರಾ ಇಪ್ಪತ್ತು ಮೆಟ್ಟಲಾ ಅಂತ! ಡಾಕ್ಟರ್ ಮುಂದಿನ ಚಳಿಗಾಲಕ್ಕ ಮೊಣಕಾಲು ಬದ್ಲಿ ಮಾಡ್ತೀನಿ ಅಂದಾರಂತ. ಈ ವರ್ಷ ಆದ್ರ ಆತು, ಇಲ್ಲಂದ್ರ ಇಲ್ಲ." ನಾನು ಹೂಂ ಅನ್ನುವೆ. ಅವಳು ಹಂಚಿಕೊಳ್ಳುತ್ತಿದ್ದುದು ಸಂತೋಷಕ್ಕೇ. ನನಗೋ ನನ್ನ ಮನೆಯ ಬೆಲ್ಲವನ್ನು ನನಗೇ ಚೂರು ಚೂರು ಕೊಟ್ಟಂತೆ ಆಗುತ್ತಿತ್ತು.

ಮನೆಯಲ್ಲೂ ಅವಳೇ. ಒಮ್ಮೆ ಊಟಕ್ಕೆ ಕರೆದಿದ್ದೆ, ಅಷ್ಟೇ. ಹತ್ತನೇ ಇಯತ್ತೆಯ ನನ್ನ ಮಗಳು ಇಂದೂ ಅವತ್ತಿನಿಂದ ಸಾಯಲಿ ಅಕ್ಕ, ಸಾಯಲಿ ಅಕ್ಕ. ನಾನು ಹುಟ್ಟಿನಿಂದ ಎಣ್ಣೆ ಹಚ್ಚಿ ಬೆಳೆಸಿದ ಜಡೆಯನ್ನು ಒಂದು ಸಂಜೆ ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು.

"ಯಾರನ್ನ ಕೇಳಿದಿ?"

"ಸಾಯಲಿ ಅಕ್ಕಗ ಕೇಳಿದೆ. ನನ್ನ ಮಾರಿಗೆ ಒಪ್ಪತದ ಅಂದ್ಲು."

ನಿಜವಾಗಿಯೂ ಒಪ್ಪುತ್ತಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಜನವರಿಯಲ್ಲಿ ಸಂಕ್ರಾಂತಿ ಬಂತು. ರಥಸಪ್ತಮಿಯವರೆಗೆ ಎಂದಾದರೊಂದು ದಿನ ಮುತ್ತೈದೆಯರನ್ನೂ ಹುಡುಗಿಯರನ್ನೂ ಕರೆದು ಅರಿಸಿನ ಕುಂಕುಮ ಕೊಡುವುದು ನಮ್ಮ ಪದ್ಧತಿ. ನನಗೆ ಬಿಡುವಾದದ್ದು ಮೂವತ್ತೊಂದರ ಸಂಜೆ. ಮೂರು ಮುಂಜಾನೆ ಕೂತು ಕುಸುರೆಳ್ಳು ಮಾಡಿದ್ದೆ. ಕೆಂಡದಂಥ ಸಣ್ಣ ಉರಿಯ ಮೇಲೆ ಎಳ್ಳು ಹರವಿ, ಸಕ್ಕರೆ ಪಾಕ ಹನಿಹನಿಯಾಗಿ ಬಿಟ್ಟು, ಬೆರಳಿನಿಂದ ಆಡಿಸುತ್ತ ಇರಬೇಕು. ಅವಸರ ಮಾಡಿದರೆ ಮುಳ್ಳು ಏಳುವುದಿಲ್ಲ. ಇಂದೂ ಚೆನ್ನಾಗಿ ಮುಳ್ಳೆದ್ದವನ್ನೆಲ್ಲ ಆರಿಸಿ ಒಂದು ಬಟ್ಟಲಿಗೆ ಹಾಕುತ್ತಿದ್ದಳು.

"ಅವು ಯಾರಿಗೆ?"

"ಸಾಯಲಿ ಅಕ್ಕಗ."

ಸಾಯಲಿ ಆಫೀಸಿನಿಂದ ನೇರ ಬಂದಳು. ಮಣೆಯ ಮೇಲೆ ಕೂತು, ಉಸಿರು ಬಿಡುವ ಮೊದಲೇ ಶುರು ಮಾಡಿದಳು.

"ಕಾಕು, ನಿಮ್ಮ ವಾಲ್ಟರ್ ಇವತ್ತ ಅತ್ತಾರ, ಗೊತ್ತದ ಏನ್ರಿ?"

"ಅಯ್ಯ, ಯಾಕ?"

"ಖುಷಿಗೆ! ಮಗಾ ಫೋನ್ ಮಾಡಿದ್ನಂತ. ನಾಲ್ಕು ವರ್ಷದ ಮ್ಯಾಲೆ. ನಾನೂ ನಿನ್ನ ಜೋಡಿ ಗುಡ್ಡಕ್ಕ ಬರ್ತೀನಿ ಅಂದ್ನಂತ. ನಾ ತಡಾನ ಮಾಡ್ಲಿಲ್ಲ. ಇಬ್ಬರ್ದೂ ಕೂಡಿಸಿ ಜೋಡಿ ಅರ್ಜಿ ಹಾಕಿಬಿಟ್ಟೆ."

ಕುಂಕುಮದ ಬೆರಳು ಅವಳ ಹಣೆಯ ಹತ್ತಿರ ನಿಂತಿತು.

"ಜೋಡಿ ಅರ್ಜಿ?"

"ಹೌದ್ರಿ. ಅಪ್ಪಾ ಮಗಾ ಬ್ಯಾರೆ ಬ್ಯಾರೆ ಯಾಕ ಹಾಕಬೇಕು? ಒಂದೇ ಮನಿಯವ್ರು."

ಅಪ್ಪನ ಹನ್ನೊಂದಕ್ಕೆ ಮಗನ ಸೊನ್ನೆ ಸೇರಿ ಹನ್ನೊಂದು, ಎರಡರಿಂದ ಭಾಗಿಸಿದರೆ ಐದೂವರೆ. ಎಣಿಸುವುದಕ್ಕೆ ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಕಣಿವೆ ಹೋಯಿತು. ಆ ರಾಜ್ಯದಲ್ಲಿ ಅರ್ಜಿಗೆ ಕೊನೆಯ ದಿನ ಜನವರಿ ಮೂವತ್ತೊಂದು; ಅದು ನಮಗೆ ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಬೇರೆ ಮಾಡದಿದ್ದರೆ ಮುಂದಿನ ವರ್ಷವೇ, ಮತ್ತು ವಾಲ್ಟರನ ಮೊಣಕಾಲಿಗೆ ಮುಂದಿನ ವರ್ಷ ಎಂಬುದಿರಲಿಲ್ಲ.

"ಅಮ್ಮಾ, ನೋಡು," ಎಂದಳು ಇಂದೂ, "ಸಾಯಲಿ ಅಕ್ಕ ಅಪ್ಪಾ ಮಗನ್ನ ಕೂಡಿಸಿದ್ಲು!" ಬಟ್ಟಲು ಹಿಡಿದುಕೊಂಡು ನಿಂತಿದ್ದಳು. ನನ್ನ ಮಗಳು ನನ್ನ ಕೆಲಸದ ಬಗ್ಗೆ ಎಂದೂ ಹಾಗೆ ಕಣ್ಣರಳಿಸಿರಲಿಲ್ಲ.

ಕುಂಕುಮ ಹಚ್ಚಿದೆ. ಕುಸುರೆಳ್ಳು ಕೊಟ್ಟೆ. "ಎಳ್ಳು ಬೆಲ್ಲದಂಗ ಇರೋಣು," ಎಂದು ಬಾಯಿತುಂಬ ಹೇಳಿದೆ. ಮತ್ತೇನನ್ನೂ ಹೇಳಲಿಲ್ಲ.

ಮರುದಿನ ಮುಂಜಾನೆ ರಾಜೀವನಿಗೆ ಫೋನ್ ಮಾಡಿ ಊಟದ ಮೇಲೆ ಬರುತ್ತೇನೆ ಎಂದೆ. ಹನ್ನೆರಡೂವರೆಗೆ ನಾನು ಅಲ್ಲಿರುವುದು ಬೇಡವಾಗಿತ್ತು. ಅವನು ರಾಂಜಣಗಾಂವದ ಗಣಪತಿಗೆ ಹೊರಟಿದ್ದ. "ಆಗ್ಲಿ ವೈನಿ, ಸಾಯಲಿ ಇದ್ದಾಳಲ್ಲ," ಎಂದ. ಸಾಯಲಿ ಇದ್ದಾಳಲ್ಲ. ಇಂದೂನ ಡಬ್ಬಿ ಕಟ್ಟುತ್ತ, ಪಾತ್ರೆ ತೊಳೆಯುತ್ತ ನಾನು ಜೂನ್ ತಿಂಗಳನ್ನು ಕಣ್ಣೆದುರು ತಂದುಕೊಂಡೆ. ಫಲಿತಾಂಶ ಬರುತ್ತದೆ. ವಾಲ್ಟರನ ಹೆಸರು ಇರುವುದಿಲ್ಲ. ರಾಜೀವ ನನ್ನ ಮೇಜಿಗೆ ಬಂದು "ನಿಮ್ಮ ಹತ್ರನ ಇರಬೇಕಾಗಿತ್ತು ವೈನಿ" ಅನ್ನುತ್ತಾನೆ. ಆ ಮಾತನ್ನು ಎರಡು ಸಲ, ಮೂರು ಸಲ ಅನ್ನಿಸಿ ಕೇಳಿದೆ. ರುಚಿಯಾಗಿತ್ತು.

ಹತ್ತು ಗಂಟೆಗೆ ಗಿರಣಿಗೆ ಹೋದೆ. ಹತ್ತು ಕಿಲೋ ಗೋಧಿ ಬೀಸಿಸಿ ತಂದರೆ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಬಿಸಿ ಹಿಟ್ಟಿನ ಡಬ್ಬವನ್ನು ಸೊಂಟದ ಮೇಲೆ ಇಟ್ಟುಕೊಂಡು ಹತ್ತತೊಡಗಿದೆ. ಎರಡನೇ ಮಜಲಿಗೆ ಬಲ ಮೊಣಕಾಲು ಚಳುಕ್ಕೆಂದಿತು. ಕಟಕಟೆ ಹಿಡಿದು ನಿಂತೆ. ಎಷ್ಟು ಮೆಟ್ಟಿಲಾಯಿತು ಎಂದು ತಾನಾಗಿಯೇ ಎಣಿಸಿಬಿಟ್ಟೆ. ಮೂವತ್ತಾರು. ನನಗೆ ನಲವತ್ತೊಂದು. ಅವನಿಗೆ ಅರವತ್ತೆಂಟು, ಬೆನ್ನ ಮೇಲೆ ಆಲೂಗಡ್ಡೆ, ನೂರಾ ಇಪ್ಪತ್ತು. ತಾಳಿಕೊಳ್ಳಿ ಎಂದು ಹೇಳಿದವಳು ಸಾಯಲಿಯಲ್ಲ. ನಾನು.

ಮನೆಗೆ ಬಂದವಳೇ ಫೋನ್ ಮಾಡಿದೆ.

"ಸಾಯಲಿ, ಆ ಜೋಡಿ ಅರ್ಜಿ ತಗಿ. ಇಬ್ಬರ ಪಾಯಿಂಟ್ ಕೂಡಿಸಿ ಭಾಗ ಮಾಡ್ತಾರ. ಹನ್ನೊಂದು ಹೋಗಿ ಐದೂವರಿ ಆಗ್ತದ."

ಆ ಕಡೆ ಹಾಳೆ ಮಗುಚುವ ಸದ್ದಾಯಿತು. ಆಮೇಲೆ, "ಕಾಕು, ನೀವು ಕೊಟ್ಟ ವಹಿ ಎಲ್ಲಾ ಓದೇನಿ. ಎಲ್ಲೂ ಹಂಗ ಬರದಿಲ್ಲ."

"ನಾ ಹೇಳಾಕತ್ತೀನಲ್ಲ."

"ನಿನ್ನೆ ಸಂಜಿಮುಂದ ಹೇಳಿದಾಗ ಸುಮ್ಮನ ಇದ್ರಿ. ಈಗ ಎರಡು ತಾಸು ಉಳದಾವ ಅಂದ್ರ ನೆನಪಾತೇನ್ರಿ? ವಾಲ್ಟರ್ ನಿಮ್ಮ ಕಡಿಂದ ನನ್ನ ಕಡಿ ಬಂದದ್ದು ನಿಮಗ ಸೇರಿಲ್ಲ, ನನಗ ತಿಳೀತದ. ಮಗನ್ನ ಅವರಿಂದ ಬಿಡಸಬ್ಯಾಡ್ರಿ, ಪ್ಲೀಸ್."

ಫೋನ್ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಅವಳು ಅಂದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದಕ್ಕೇ ನನ್ನ ನಿಜವನ್ನು ಅವಳು ನಂಬಲಿಲ್ಲ. ನಂಬಿಸಬೇಕಾದರೆ ಕೆಂಪು ವಹಿ ತೋರಿಸಬೇಕು. ಅದನ್ನು ತೋರಿಸಿದರೆ ಮೊದಲ ಹಾಳೆಯೂ ಕಾಣುತ್ತದೆ, ಇಷ್ಟು ದಿನ ಅದು ಎಲ್ಲಿತ್ತು ಎಂಬುದೂ ಕಾಣುತ್ತದೆ.

ಹಿಟ್ಟಿನ ಕೈಯಲ್ಲೇ ಚೀಲ ಎತ್ತಿಕೊಂಡು ರಿಕ್ಷಾ ಹಿಡಿದೆ. ವಾಕಡದ ಸೇತುವೆಯ ಹತ್ತಿರ ಕಂಪನಿ ಬಸ್ಸುಗಳು ಒಂದಕ್ಕೊಂದು ಮೂತಿ ಹಚ್ಚಿ ನಿಂತಿದ್ದವು. ರಿಕ್ಷಾದವನು ಬೀಡಿ ಹಚ್ಚಿದ. "ಕಾಯ್ ಘಾಯಿ ಆಹೆ ತಾಯಿ?" ಏನು ಅವಸರ ಎಂದು ಕೇಳಿದರೆ ಏನು ಹೇಳಲಿ? ಸಾವಿರಾರು ಮೈಲಿ ದೂರದ ಮುದುಕನೊಬ್ಬ ಗುಡ್ಡ ಹತ್ತಬೇಕಾಗಿದೆ ಎಂದರೆ ಅವನಿಗೆ ಏನು ತಿಳಿದೀತು! ಆಫೀಸು ಮುಟ್ಟಿದಾಗ ಹನ್ನೊಂದೂ ಐವತ್ತು.

ಸಾಯಲಿಯ ಮೇಜಿನ ಮೇಲೆ ವಹಿ ಇಟ್ಟು ಮೊದಲ ಹಾಳೆ ತೆರೆದೆ. ನಲವತ್ತೇಳನೇ ಪುಟ ಎಂದು ಕೆಂಪಾಗಿ ಬರೆದು ಎರಡು ಗೆರೆ ಎಳೆದಿದ್ದೆ. ಅವಳು ಕಂಪ್ಯೂಟರಿನಲ್ಲಿ ಆ ಪುಟ ತೆಗೆದಳು. ತುಟಿ ಆಡಿಸುತ್ತ ಓದಿದಳು. ಮುಖದ ಬಣ್ಣ ಇಳಿಯಿತು. ವಹಿಯ ಮೇಲಿನ ಇಸವಿ ನೋಡಿದಳು, ನನ್ನನ್ನು ನೋಡಿದಳು. ಫೋನ್ ಎತ್ತಿ ವಾಲ್ಟರನ ಮನೆಗೆ ಹಚ್ಚಿದಳು. ಅವನಲ್ಲಿ ಎಷ್ಟು ಹೊತ್ತಾಗಿತ್ತೋ, ಎರಡನೇ ಸಲ ಗಂಟೆ ಬಾರಿಸುವಷ್ಟರಲ್ಲೇ ಎತ್ತಿದ.

ಅವಳು ಎಲ್ಲ ಹೇಳಿದಳು, ತಪ್ಪು ತನ್ನದು ಎಂದೂ ಹೇಳಿದಳು. ನನಗೂ ಕೇಳಲೆಂದು ಸ್ಪೀಕರ್ ಒತ್ತಿದ್ದಳು. ಆಮೇಲೆ ಕೇಳಿದ: "ಸುಲಭಾ ಅಲ್ಲಿದ್ದಾಳೆಯೇ?"

ಆರು ವರ್ಷದಲ್ಲಿ ಅವನ ದನಿ ಕೇಳಿದ್ದು ಅದೇ ಮೊದಲು. ನಾನೆಂದುಕೊಂಡದ್ದಕ್ಕಿಂತ ತೆಳ್ಳಗಿತ್ತು.

"ಇದ್ದೇನೆ," ಎಂದೆ.

"ನನಗೆ ಮಗ ಬೇಕು. ಕಣಿವೆಯೂ ಬೇಕು. ಏನು ಮಾಡಲಿ?"

ನನ್ನ ಕುಂಟು ಇಂಗ್ಲಿಷಿನಲ್ಲೇ ಹೇಳಿದೆ. ಅರ್ಜಿ ಬೇರೆ ಬೇರೆ ಹಾಕೋಣ. ಚೀಟಿ ನಿಮಗೆ ಬರಲಿ. ಮಗ ಬಂದೂಕು ಇಲ್ಲದೆ ನಿಮ್ಮ ಜೊತೆ ನಡೆಯಬಹುದು, ನಿಯಮದಲ್ಲಿ ಅಡ್ಡಿಯಿಲ್ಲ. ಚೀಲ ಅವನು ಹೊರಲಿ. ಅವನಿಗೆ ಈ ವರ್ಷ ಒಂದು ಪಾಯಿಂಟ್ ಸಿಗುತ್ತದೆ. ಅವನ ಸರದಿ ಇವತ್ತಿನಿಂದ ಶುರು.

ವಾಲ್ಟರ್ ಕೆಮ್ಮಿದನೋ ನಕ್ಕನೋ. "ಅವನಿಗೆ ಒಂದಿಷ್ಟು ಹೊರುವ ಅಗತ್ಯ ಇದೆ. ಬೇರೆ ಮಾಡಿ," ಎಂದ.

ಹನ್ನೆರಡು ಹತ್ತೊಂಬತ್ತಕ್ಕೆ ಎರಡೂ ಅರ್ಜಿ ಹೋದವು.

ಸಾಯಲಿ ಕುರ್ಚಿಯಿಂದ ಏಳಲಿಲ್ಲ. "ಇದನ್ನ ನನಗ ಯಾಕ ಕೊಟ್ಟಿದ್ದಿಲ್ಲ ಕಾಕು?"

ಮರೆತೆ ಅನ್ನಬಹುದಿತ್ತು. "ಹೊಟ್ಟಿಕಿಚ್ಚು," ಎಂದೆ.

"ನಿನ್ನೆ ಎಳ್ಳು ಬೆಲ್ಲ ಕೊಡಬೇಕಾದ್ರ ಗೊತ್ತಿತ್ತು?"

"ಗೊತ್ತಿತ್ತು."

"ಈ ಅಣ್ಣತಮ್ಮರಿಗೆ ಖರೇ ಹೇಳೀರೋ ಇಲ್ಲೋ?"

"ಇಲ್ಲ."

ಅವಳು ತನ್ನ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದು ನನ್ನ ಮುಂದೆ ಇಟ್ಟಳು. ಇಂದೂ ಆರಿಸಿ ಕೊಟ್ಟಿದ್ದ ಕುಸುರೆಳ್ಳು. ಅರ್ಧ ಉಳಿದಿತ್ತು.

ಆ ಸಂಜೆಯೇ ಅಣ್ಣತಮ್ಮಂದಿರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ರಾಜೀವನಿಗೂ ಎಲ್ಲವನ್ನೂ ನಾನೇ ಹೇಳಿದೆ. ಅವನು ಬಹಳ ಹೊತ್ತು ಕನ್ನಡಕ ಒರೆಸಿ, ಇನ್ನು ಮೇಲೆ ವಹಿಗಳೆಲ್ಲ ಕಪಾಟಿನಲ್ಲಿರಲಿ, ಬೀಗದ ಕೈ ಸಾಯಲಿಯ ಹತ್ತಿರ ಇರಲಿ ಎಂದ. ಒಪ್ಪಿಕೊಂಡೆ. ಪ್ರತಿ ಮುಂಜಾನೆ ನನ್ನದೇ ವಹಿಗೆ ಅವಳ ಮುಂದೆ ಕೈ ಚಾಚಿ ನಿಲ್ಲುವುದು ಸುಲಭವಾಗಿರಲಿಲ್ಲ.

"ಸಾಯಲಿ ಅಕ್ಕ ಯಾಕ ಬರವಲ್ಲಳು?" ಎಂದು ಇಂದೂ ಎರಡು ಸಲ ಕೇಳಿದಳು. ಮೂರನೇ ಸಲ ಹೇಳಿದೆ. ಚಪಾತಿ ಲಟ್ಟಿಸುತ್ತ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಅವಳು ಭುಜದ ಮೇಲಿನ ಕೂದಲು ಮುಟ್ಟಿಕೊಂಡು, "ನನ್ನ ಕೂದಲಾ ಬೆಳಸ್ತೀನಿ ಅಮ್ಮಾ," ಎಂದಳು.

"ಬ್ಯಾಡ. ನಿನಗ ಹಿಂಗ ಒಪ್ಪತದ," ಎಂದೆ.

ಜೂನಿನಲ್ಲಿ ವಾಲ್ಟರನಿಗೆ ಚೀಟಿ ಬಂತು. ಅಕ್ಟೋಬರಿನಲ್ಲಿ ಫೋಟೋ ಬಂತು. ಹಿಮ ಬಿದ್ದ ಇಳಿಜಾರಿನಲ್ಲಿ ಕೆಂಪು ಟೊಪ್ಪಿಗೆಯ ಮುದುಕ. ಮುಂದೆ ಮಲಗಿದ ದೊಡ್ಡ ಕೊಂಬಿನ ಪ್ರಾಣಿ, ಅದನ್ನು ನಾನು ಬಹಳ ಹೊತ್ತು ನೋಡಲಾರದೆ ಹೋದೆ. ಪಕ್ಕದಲ್ಲಿ ಎರಡು ಚೀಲ ಹೊತ್ತ ಮಗ. ಕೆಳಗೆ ಬರೆದಿದ್ದ: "ನಮ್ಮಿಬ್ಬರನ್ನು ಕೂಡಿಸಿದ ಸಾಯಲಿಗೆ." ಹಿಂದೆ ಮುಂದೆ ತಿರುಗಿಸಿ ನೋಡಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಅದೇ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ತೀರಿತು ಎಂದುಕೊಂಡಿದ್ದೆ.

ಸಾಯಲಿ ಹೊಸ ಚೌಕಳಿ ವಹಿಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟಳು. "ಡೇಲ್‌ಂದು. ಆತಗೂ ಅದೇ ಕಣಿವಿ ಬೇಕಂತ. ನೀವ ಬರೀರಿ ಕಾಕು, ನನಗ ಇಷ್ಟು ದೂರದ್ದು ಕಾಣೂದಿಲ್ಲ."

ಇಸವಿ ಬರೆದೆ. ವಯಸ್ಸು ಬರೆದೆ. ಸರದಿ ವರ್ಷವರ್ಷವೂ ಉದ್ದವಾಗುತ್ತಿದೆ; ಅವನ ಪಾಳಿ ಬರುವ ಹೊತ್ತಿಗೆ ಕಣಿವೆಗೆ ಹನ್ನೊಂದು ಸಾಲದು, ಹದಿನಾಲ್ಕಾದರೂ ಬೇಕಾದೀತು. ಎಣಿಸುತ್ತ ಹೋದರೆ ೨೦೨೨ಕ್ಕೆ ಬಂದು ನಿಂತಿತು. ಆಮೇಲೆ ಕೆಂಪು ಪೆನ್ನು ತೆಗೆದು ಮೊದಲ ಹಾಳೆಯ ನೆತ್ತಿಯ ಮೇಲೆ, ಯಾರ ಕಣ್ಣಿಗೂ ತಪ್ಪದಂತೆ, ದೊಡ್ಡದಾಗಿ ಬರೆದೆ: ಅಪ್ಪನ ಜೊತೆ ಜೋಡಿ ಅರ್ಜಿ ಹಾಕಬಾರದು, ಪುಟ ನಲವತ್ತೇಳು.

ಐದೂವರೆಯ ಬಸ್ಸಿಗೆ ಹೊರಡುವಾಗ ಕೈ ಅಭ್ಯಾಸದಂತೆ ವಹಿಯನ್ನು ನನ್ನ ಚೀಲದ ಕಡೆ ಒಯ್ದಿತು. ತಿರುಗಿ ಹೋಗಿ ಸಾಯಲಿಯ ಮೇಜಿನ ಮೇಲೆ ಇಟ್ಟು ಬಂದೆ.